ಐವತ್ತಾರನೆಯ ಗಂಟು

"ಇನ್ನೊಂದು ಸಲ ಎಣಿಸಿ, ಅಜ್ಜಿ," ಎಂದರು ಶಿನೋಹಾರಾ.

ಎಣಿಸಿದೆ. ಮೂರನೆಯ ಸಲವೂ ಐವತ್ತಾರೇ ಬಂತು.

ಊರ ಸಭಾಮಂದಿರದ ಚಾಪೆಯ ಮೇಲೆ, ನಮ್ಮಿಬ್ಬರ ನಡುವೆ ಒಂದು ಸೊಂಟಪಟ್ಟಿ ಹರಡಿಕೊಂಡಿತ್ತು. ಒಂದು ಕಾಲದ ಬಿಳಿ ಬಟ್ಟೆಗೆ ಈಗ ತುಕ್ಕಿನ ಬಣ್ಣ. ಅದರ ಮೇಲೆ ಸಾಲುಸಾಲಾಗಿ ಕೆಂಪು ದಾರದ ಸಾವಿರ ಗಂಟು. ಯುದ್ಧಕ್ಕೆ ಹೋಗುವವನ ಸೊಂಟಕ್ಕೆಂದು ಸಾವಿರ ಹೆಂಗಸರು ತಲೆಗೊಂದು ಗಂಟು ಹಾಕಿ ಕಳಿಸುತ್ತಿದ್ದ ಪಟ್ಟಿ ಅದು. ಹುಲಿ ವರ್ಷದಲ್ಲಿ ಹುಟ್ಟಿದವಳಿಗೆ ಮಾತ್ರ ಒಂದೇ ಗಂಟೆಂಬ ಕಟ್ಟಿಲ್ಲ, ವಯಸ್ಸು ಎಷ್ಟೋ ಅಷ್ಟು ಹಾಕಬಹುದು. ಹುಲಿ ಸಾವಿರ ಹರದಾರಿ ಹೋದರೂ ತಿರುಗಿ ಬರುತ್ತದೆ ಎಂಬ ನಂಬಿಕೆ.

ನಾನು ಹುಲಿ ವರ್ಷದವಳು. ಯುದ್ಧದ ಕಾಲದಲ್ಲಿ ನಮ್ಮ ದ್ವೀಪದಿಂದ ಹೊರಟ ಪಟ್ಟಿಗಳಲ್ಲಿ ನನ್ನ ಸಾಲು ಇಲ್ಲದ್ದು ಒಂದೂ ಇರಲಿಲ್ಲ. ಎಡಗೈಯವಳಾದ್ದರಿಂದ ನನ್ನ ಗಂಟುಗಳು ಉಳಿದವರವಕ್ಕೆ ತಿರುವಾಗಿ ಹೊರಳುತ್ತವೆ. ಈ ಪಟ್ಟಿಯಲ್ಲೂ ನನ್ನ ಸಾಲು ಎದ್ದು ಕಾಣುತ್ತಿತ್ತು.

ಹತ್ತು ವರ್ಷ ಕಡಲ ತಳದಲ್ಲಿ ಬಿದ್ದಿದ್ದ ರೋ-ಎಪ್ಪತ್ತೊಂದು ಎಂಬ ಜಲಾಂತರ್ಗಾಮಿಯನ್ನು ಈ ವಸಂತದಲ್ಲಿ ಮೇಲೆತ್ತಿದಾಗ, ಒಳಗಿರಬೇಕಾಗಿದ್ದ ಐವತ್ತೆಂಟು ಜನರಲ್ಲಿ ಐವತ್ತೇಳು ಜನರ ಅಸ್ಥಿ ಸಿಕ್ಕಿತ್ತು. ಸಿಗದವನು ಹಡಗಿನ ಅಡುಗೆಯವ ಸೈಕಿಚಿ, ನನ್ನ ಗೆಳತಿ ತೋಮೆಯ ಮಗ.

ಉಳಿದವರನ್ನು ಎದೆಯ ಮೇಲೆ ಹೆಸರು ಹೊಲಿದಿದ್ದ ಅಂಗಿಗಳಿಂದ ಗುರುತಿಸಿದ್ದರು. ಸೈಕಿಚಿಯ ಹೆಸರಿನ ಅಂಗಿ ಎಲ್ಲೂ ಇರಲಿಲ್ಲ. ಹೋದ ಗುರುವಾರ ಹಡಗಿನ ಅಡುಗೆಮನೆಯ ಅಕ್ಕಿ ಡಬ್ಬದೊಳಗೆ ಈ ಪಟ್ಟಿ ಸಿಕ್ಕಿದಾಗ, ಸರ್ಕಾರದಿಂದ ತನಿಖೆಗೆಂದು ಬಂದಿದ್ದ ಶಿನೋಹಾರಾ ದೊಡ್ಡದೊಂದು ಉಸಿರು ಬಿಟ್ಟಿದ್ದರು. ಅಸ್ಥಿಯ ಬದಲು ಪಟ್ಟಿಯನ್ನೇ ಪೆಟ್ಟಿಗೆಯಲ್ಲಿಟ್ಟು ತೋಮೆಗೆ ಕೊಡುವುದು ಅವರ ಯೋಚನೆ. ಒಗೆದು ಇಸ್ತ್ರಿ ಹಾಕಿಕೊಡಲು ನನ್ನನ್ನು ಕರೆಸಿದ್ದರು. ದಡದ ಹತ್ತಿರ ಹೊಲಿಗೆ ಅಂಗಡಿ ಇಟ್ಟವಳು ನಾನೊಬ್ಬಳೇ. ಐವತ್ತೇಳು ಪೆಟ್ಟಿಗೆಗಳಿಗೂ ಬಿಳಿ ಹೊದಿಕೆ ಹೊಲಿದಿದ್ದೂ ನಾನೇ.

ಈಗ ಮಂದಿರದಲ್ಲಿ ಉಳಿದಿದ್ದು ಒಂಬತ್ತು ಪೆಟ್ಟಿಗೆ. ಬಾಕಿಯವನ್ನು ಅವರವರ ಮನೆಯವರು ಒಯ್ದಿದ್ದರು. ಹನ್ನೆರಡನೆಯದನ್ನು, ಇನಾಗಾಕಿ ಎಂಬ ಎಂಜಿನ್ ಕೆಲಸದವನದು, ಹೋದ ವಾರವಷ್ಟೇ ಅವನ ಅಣ್ಣ ಬಂದು ತೆಗೆದುಕೊಂಡು ಹೋಗಿದ್ದ. ಎತ್ತರದ, ತೆಳ್ಳನೆಯ ಮನುಷ್ಯ. ಹೊದಿಕೆಯ ಅಂಚನ್ನು ಬೆರಳಿನಿಂದ ಸವರಿ "ಎಡಗೈ ಹೊಲಿಗೆ" ಅಂದಿದ್ದ. ಗಂಡಸರ ಕಣ್ಣಿಗೆ ಅಂಥದ್ದು ಬೀಳುವುದು ಕಡಿಮೆ. ಅದಕ್ಕೇ ನೆನಪಿದೆ.

"ಐವತ್ತಾರು ಆದ್ರೆ ಏನು ಈಗ?" ಎಂದು ಶಿನೋಹಾರಾ ಕೇಳಿದರು.

ಐವತ್ತಾರು ಆಗಬಾರದು ಎಂದೆ.

ಅವರು ತಮ್ಮ ಕಡತ ತೆರೆದು ನನ್ನ ಹೇಳಿಕೆ ಬರೆದ ಹಾಳೆ ಹುಡುಕಿದರು. ವಯಸ್ಸು ಅರವತ್ತಮೂರು. ಹತ್ತು ಕಳೆದರೆ ಐವತ್ತಮೂರು. ಲೆಕ್ಕದ ಪ್ರಕಾರ ಐವತ್ತಮೂರು ಗಂಟು ಇರಬೇಕಿತ್ತು, ಮೂರು ಜಾಸ್ತಿ ಬಿದ್ದಿವೆ, ಆ ಗಡಿಬಿಡಿಯಲ್ಲಿ ಯಾರು ಎಣಿಸುತ್ತಿದ್ದರು ಎಂದು ನಕ್ಕರು.

"ಸಾಹೇಬ್ರೇ, ಅದು ನಿಮ್ಮ ಹೊಸ ಕಾನೂನಿನ ವಯಸ್ಸು," ಎಂದೆ. "ಆ ಕಾನೂನು ಬಂದು ನಾಲ್ಕು ವರ್ಷ ಆಯ್ತು ಅಷ್ಟೆ. ದಾರಕ್ಕೆ ಅದೇನು ಗೊತ್ತು?"

ನಮ್ಮ ಕಾಲದಲ್ಲಿ ತಾಯಿ ಹೊಟ್ಟೆಯಿಂದ ಹೊರಬಿದ್ದ ಕೂಡಲೇ ಒಂದು. ಆಮೇಲೆ ಪ್ರತಿ ಹೊಸ ವರ್ಷಕ್ಕೆ ಒಂದು. ಹಾಗೆ ನೋಡಿದರೆ ನನಗೆ ಈಗ ಅರವತ್ತೈದು. ಜಲಾಂತರ್ಗಾಮಿ ಮುಳುಗಿದ ನಲವತ್ತನಾಲ್ಕನೇ ಇಸವಿಯ ಜೂನ್‌ನಲ್ಲಿ ಐವತ್ತೈದು. ಐವತ್ತೈದೇ ಹೊರತು ಐವತ್ತಾರು ಖಂಡಿತ ಅಲ್ಲ.

ಒಂದು ಗಂಟು ಹೆಚ್ಚುಕಮ್ಮಿ ಆಗಬಾರದೇ ಎಂದರು ಶಿನೋಹಾರಾ.

ನನ್ನ ವಿಷಯದಲ್ಲಿ ಆಗಬಾರದು. ನನಗೆ ಆಗ ಅಂಕಿ ಬರೆಯಲು ಬರುತ್ತಿರಲಿಲ್ಲ. ಫೆಬ್ರುವರಿಯ ಮೊದಲಲ್ಲಿ ಕಾಳು ಎರಚಿ ಪಿಶಾಚಿ ಓಡಿಸುವ ದಿನ, ವಯಸ್ಸಿಗೆ ಸರಿಯಾಗಿ ಹುರಿದ ಕಾಳು ತಿನ್ನುತ್ತೇವಲ್ಲ, ಆ ದಿನ ನಾನು ಒಂದು ಕಾಳನ್ನು ಚೀಲದಲ್ಲೂ ಹಾಕಿಡುತ್ತಿದ್ದೆ. ಚೀಲದಲ್ಲಿರುವಷ್ಟು ಕಾಳು ನನ್ನ ವಯಸ್ಸು. ಪಟ್ಟಿ ಬಂದರೆ ಚೀಲವನ್ನು ಮಡಿಲಿಗೆ ಸುರಿದುಕೊಂಡು, ಗಂಟಿಗೊಂದು ಕಾಳು ತಿರುಗಿ ಚೀಲಕ್ಕೆ. ಮಡಿಲು ಖಾಲಿಯಾದಾಗ ದಾರ ಕತ್ತರಿಸುತ್ತಿದ್ದೆ. ದಾರ ರೇಷನ್ನಿನಲ್ಲಿ ಸಿಗುತ್ತಿದ್ದ ಕಾಲ. ಒಂದು ಗಂಟು ಹೆಚ್ಚು ಹಾಕಿದರೆ ಇನ್ನೊಬ್ಬರ ಮಗನಿಗೆ ಒಂದು ಕಡಿಮೆ.

ಶಿನೋಹಾರಾ ಕೈಯಲ್ಲಿದ್ದ ಪೆನ್ನು ನಿಂತಿತು.

"ಅಂದ್ರೆ ಐವತ್ತಾರನೇ ಕಾಳು ಚೀಲಕ್ಕೆ ಬಿದ್ದಿದ್ದು..."

"ನಲವತ್ತೈದನೇ ಇಸವಿ ಫೆಬ್ರುವರಿ. ಜಲಾಂತರ್ಗಾಮಿ ಮುಳುಗಿ ಎಂಟು ತಿಂಗಳಾಗಿತ್ತು."

ಹೊರಗೆ ಹೆಂಗಸರು ಚಾಪೆಯ ಮೇಲೆ ಸಣ್ಣ ಮೀನು ಒಣಹಾಕುತ್ತ ಹಾಡಿಕೊಳ್ಳುತ್ತಿದ್ದರು. ಜೂನ್ ತಿಂಗಳ ಮಳೆ ನಡುವೆ ಅಪರೂಪಕ್ಕೆ ಸಿಕ್ಕ ಬಿಸಿಲು. ನನಗೆ ಆ ಬಿಸಿಲಿನಲ್ಲಿ ಹಾಯಾಗಿ ಕೂತಿರಬೇಕು ಅನ್ನಿಸಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸುಲಭವಾಗಿ ಮುಗಿಯುತ್ತಿತ್ತು, ಅದೂ ಗೊತ್ತಿತ್ತು.

ಗುಡಿಯ ಮುಂದೆ ನಿಲ್ಲಿಸುವ ಕಲ್ಲಿನಲ್ಲಿ ಐವತ್ತೇಳು ಹೆಸರು ಕೆತ್ತಿ ಆಗಿತ್ತು. ಕೊನೆಯಲ್ಲಿ ಒಂದು ಹೆಸರಿನ ಜಾಗ ಬಿಟ್ಟು ಕಲ್ಲುಕುಟಿಗ ಕಾಯುತ್ತಿದ್ದ. ನಾಳೆ ಮಧ್ಯಾಹ್ನದ ಒಳಗೆ ಹೇಳದಿದ್ದರೆ ಜಾಗ ಖಾಲಿ ಬಿಟ್ಟೇ ಕಲ್ಲು ನಿಲ್ಲಿಸಿಬಿಡುತ್ತೇನೆ ಅಂದಿದ್ದ. ಖಾಲಿ ಜಾಗ ಅಂದರೆ ಏನೆಂದು ಊರಿಗೆಲ್ಲ ಗೊತ್ತು. ಜಲಾಂತರ್ಗಾಮಿ ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿಗೆ ಮರದ ತುಂಡೊಂದು ಸಿಕ್ಕಿಕೊಂಡು, ಮುಚ್ಚಳ ಕೂರದೆ ನೀರು ನುಗ್ಗಿತ್ತು. ತುಂಡು ತಾನಾಗಿ ಸಿಕ್ಕಿತೋ, ಯಾರಾದರೂ ಸಿಕ್ಕಿಸಿದರೋ? ಹಡಗು ಹತ್ತದೆ ದಡದಲ್ಲೇ ಉಳಿದವನು ಒಬ್ಬನಿದ್ದರೆ ಅವನೇ, ಎಂದು ಬಾವಿಕಟ್ಟೆಯಲ್ಲಿ ಮಾತು. ತೋಮೆ ಕೊಡ ಹಿಡಿದು ಬಂದರೆ ಆ ಮಾತು ನಿಲ್ಲುತ್ತಿತ್ತು, ಅವಳು ಹೋದ ಮೇಲೆ ಮತ್ತೆ ಶುರುವಾಗುತ್ತಿತ್ತು.

ಆದರೆ ಹುಲಿ ವರ್ಷದವಳು ನಾನೊಬ್ಬಳೇ ಅಲ್ಲ. ಪೆಟ್ಟಿಗೆ ತೆರೆದು ಎಣಿಸುವ ಮುದುಕಿ ಇನ್ನೊಬ್ಬಳು ಇಂದಲ್ಲ ನಾಳೆ ಬಂದೇ ಬರುತ್ತಾಳೆ. ಆಗ ಕೆತ್ತಿದ ಹೆಸರನ್ನು ಕೆರೆಯುತ್ತಾರೆ. ಅದು ಖಾಲಿ ಜಾಗಕ್ಕಿಂತ ಕೆಟ್ಟದ್ದು.

ಪಟ್ಟಿಯನ್ನು ಹಡಗು ಮೇಲೆ ಬಂದ ನಂತರ ಯಾರೋ ಇಟ್ಟಿದ್ದಾರೆ, ಇಟ್ಟವನು ಗಂಡಸು ಎಂದೆ. ಗಂಡಸು ಎಂದು ಹೇಗೆ ಹೇಳುತ್ತೀರಿ ಎಂದು ಅವರು ಕೇಳಿದರು. ಹೆಂಗಸಾಗಿದ್ದರೆ ಹುಲಿ ಸಾಲನ್ನು ಮೊದಲು ಎಣಿಸುತ್ತಿದ್ದಳು. ಗಂಡಸರು ಪಟ್ಟಿಯನ್ನು ಕಟ್ಟಿಕೊಂಡವರು, ಓದಿದವರಲ್ಲ.

ಆ ಫೆಬ್ರುವರಿಯಿಂದ ಯುದ್ಧ ಮುಗಿಯುವ ತನಕ ನಮ್ಮ ದ್ವೀಪದಿಂದ ಹೋದವರು ನಾಲ್ವರು. ಮೂವರು ತಿರುಗಿ ಬರಲಿಲ್ಲ, ಅವರ ಪಟ್ಟಿಗಳೂ ಬರಲಿಲ್ಲ. ನಾಲ್ಕನೆಯವನು ರಿಕಿಮಾತ್ಸು, ಮುಳುಗುಗಾರ. ಜಲಾಂತರ್ಗಾಮಿಯನ್ನು ಎತ್ತಿದಾಗ ಅದರ ಅಡುಗೆಮನೆಗೆ ಮೊದಲು ಕಾಲಿಟ್ಟವನು ಅವನೇ.

ಶಿನೋಹಾರಾ ಟೋಪಿ ತೆಗೆದುಕೊಂಡು ಎದ್ದರು. ಕೂತ್ಕೊಳ್ಳಿ ಎಂದೆ. ಟೋಪಿ ಕಂಡರೆ ರಿಕಿಮಾತ್ಸು ಆಮೆ ಹಾಗೆ ತಲೆ ಒಳಗೆಳೆದುಕೊಳ್ಳುತ್ತಾನೆ. ಕಡತ ಹಿಡಿದು ದೋಣಿ ನಿಲ್ಲುವ ಧಕ್ಕೆಯ ತುದಿಯಲ್ಲಿ ಕಾದಿರಿ, ಮೊದಲು ನಾನು ಮಾತಾಡುತ್ತೇನೆ ಎಂದೆ. ಅವರು ಒಳ್ಳೆಯ ಮನುಷ್ಯ. ಮುಖ ಸಿಂಡರಿಸಿಕೊಂಡರೂ ಒಪ್ಪಿದರು.

*

ಧಕ್ಕೆಗೆ ಹೋಗುವ ದಾರಿಯಲ್ಲೇ ತೋಮೆಯ ಮನೆ. ಹಾಯ್ದುಹೋದರೆ ಬಿಡುವವಳಲ್ಲ.

ಜಗುಲಿಯ ಮೇಲೆ ಉಪ್ಪಿನಕಾಯಿಗೆಂದು ಉಮೆ ಎಂಬ ಹುಳಿ ಕಾಯಿ ರಾಶಿ ಹಾಕಿಕೊಂಡು ಒಂದೊಂದರ ತೊಟ್ಟು ಕೀಳುತ್ತ ಕೂತಿದ್ದಳು. ಪಕ್ಕದಲ್ಲಿ ಉಪ್ಪಿನ ಜಾಡಿ. ಒಳಗೆ, ಗೋಡೆಯ ಹತ್ತಿರ, ಪುಟ್ಟ ಮಣೆಯ ಮೇಲೆ ಸೈಕಿಚಿಯ ಊಟ. ದೂರ ಇರುವವನ ಹೆಸರಲ್ಲಿ ದಿನಾ ಮನೆಯಲ್ಲಿ ಊಟ ಬಡಿಸಿಡುವುದು ನಮ್ಮಲ್ಲಿದೆ. ಅನ್ನದ ಬಟ್ಟಲಿಗೆ ಮುಚ್ಚಳ, ಬಲಕ್ಕೆ ಮಡಚಿದ ಬಟ್ಟೆಯ ಮೇಲೆ ಉಣ್ಣುವ ಜೋಡಿ ಕಡ್ಡಿ. ಮುಚ್ಚಳ ತೆಗೆದಾಗ ಒಳಗೆ ನೀರ ಹನಿ ಕೂತಿದ್ದರೆ ಅವನು ಎಲ್ಲೋ ಕ್ಷೇಮವಾಗಿದ್ದಾನೆ ಅಂತ. ಬಿಸಿ ಅನ್ನ ಮುಚ್ಚಿದರೆ ಯಾವ ಮುಚ್ಚಳವಾದರೂ ಬೆವರುತ್ತದೆ. ಅದು ನನಗೂ ಗೊತ್ತು, ತೋಮೆಗೂ ಗೊತ್ತು. ಹತ್ತು ವರ್ಷ ಒಂದು ದಿನವೂ ಅವಳು ಆ ಬಟ್ಟಲಿಗೆ ತಣ್ಣನೆ ಅನ್ನ ಹಾಕಿದವಳಲ್ಲ.

ಬೇರೆ ಮನೆಗಳಲ್ಲಿ ಇಲ್ಲದ್ದು ಅವಳಲ್ಲಿ ಒಂದಿತ್ತು. ಮುಚ್ಚಳದ ಮೇಲೆ ಒಂದು ಕಲ್ಲು. ಮೂರು ಬಣ್ಣದ ಬೆಕ್ಕೊಂದು, ಅದರ ತಾಯಿ, ಅದರ ಅಜ್ಜಿ, ಎಲ್ಲವೂ ಆ ಬಟ್ಟಲಿಗೆ ಬಾಯಿ ಹಾಕಿದವೇ. ಸೈಕಿಚಿ ಚಿಕ್ಕವನಿದ್ದಾಗ ಅವನ ಅಪ್ಪ ಮೀನುಹಡಗಿಗೆ ಹೋಗುತ್ತಿದ್ದ, ಆಗಿನಿಂದ ಆ ಕಲ್ಲು ಇದೆ.

ನಾನು ಕೂತ ಕೂಡಲೇ ಬೆಕ್ಕು ಮಡಿಲಿಗೆ ಹತ್ತಿತು. ತೋಮೆ ಹಳದಿ ಬಿವಾ ಹಣ್ಣು ತಂದಿಟ್ಟಳು. ಹೋದ ವಾರ ಯಾರೋ ಬಾಗಿಲ ಮುಂದೆ ಒಂದು ಗೊಂಚಲು ಇಟ್ಟು ಹೋಗಿದ್ದರಂತೆ, ಅದರಲ್ಲಿ ಉಳಿದವು. ನಿನ್ನ ಹಿಂದೆ ಮುದುಕ ಯಾರೋ ಬಿದ್ದಿದ್ದಾನೆ ಅಂದೆ. ಹಲ್ಲಿಲ್ಲದವನಿರಬೇಕು, ಅದಕ್ಕೇ ಮೆತ್ತನೆ ಹಣ್ಣು ತರುತ್ತಾನೆ ಅಂದಳು. ಇಬ್ಬರೂ ನಕ್ಕೆವು.

ಏಳುವಾಗ ಅವಳು ನನ್ನ ತೋಳು ಹಿಡಿದಳು.

"ಕಿನು, ಒಂದು ಮಾತು. ಸತ್ತಿದ್ರೆ ನನ್ನ ಮಗ ಕಲ್ಲಲ್ಲಿರ್ಲಿ. ಬದುಕಿದ್ರೆ ಊಟಕ್ಕೆ ಬರ್ಲಿ. ಎರಡೂ ಅಲ್ದೆ ಬಾವಿಕಟ್ಟೆ ಬಾಯಲ್ಲಿ ಮಾತ್ರ ಇರೋದು ಬೇಡ ಕಣೇ."

ಆಗಲಿ ಎಂದೆ. ಬೇರೆ ಏನು ಹೇಳಲಿ?

*

ರಿಕಿಮಾತ್ಸು ದೋಣಿಯಲ್ಲಿ ಒಲೆ ಹಚ್ಚಿ ಆಕ್ಟೋಪಸ್ ಬೇಯಿಸುತ್ತಿದ್ದ. ಮುಳುಗುವಾಗ ತೊಡುವ ರಬ್ಬರ್ ಉಡುಪು ಕೂವೆಗೆ ನೇತುಬಿದ್ದು, ತಲೆಯಿಲ್ಲದ ಮನುಷ್ಯನ ಹಾಗೆ ಗಾಳಿಗೆ ಆಡುತ್ತಿತ್ತು.

"ಓಹೋ, ಹುಲಿ ಬಂತು," ಅಂದ. "ಬೇಟೆ ಯಾರದು ಅಜ್ಜಿ ಇವತ್ತು?"

"ನಿಂದೇ ಕಣಪ್ಪ."

ಅವನು ನಗುತ್ತಲೇ ಕೈ ಹಿಡಿದು ನನ್ನನ್ನು ದೋಣಿಗೆ ಇಳಿಸಿಕೊಂಡ. ಮೂವತ್ತಾರರ ಗಂಡಸು, ಎದೆ ಪೀಪಾಯಿಯಂತೆ. ಹಸುಗೂಸಿನಲ್ಲೇ ತಾಯಿ ಸತ್ತಾಗ ತೋಮೆ ಒಂದು ಮೊಲೆ ಸೈಕಿಚಿಗೆ, ಒಂದು ಮೊಲೆ ಇವನಿಗೆ ಕೊಟ್ಟು ಬೆಳೆಸಿದ್ದಳು. ಬಾರ್ಲಿ ಚಹಾ ಬಗ್ಗಿಸಿ ಕೊಟ್ಟ. ಆಕ್ಟೋಪಸ್ಸಿನ ಒಂದು ಕಾಲು ಕತ್ತರಿಸಿ ಎಲೆಯ ಮೇಲಿಟ್ಟ. ತಿಂದೆ. ಒಳ್ಳೆಯ ಹದಕ್ಕೆ ಬೆಂದಿತ್ತು. ತಿನ್ನುವ ತನಕ ಸುಮ್ಮನಿದ್ದೆ. ಅವಸರ ಮಾಡಿದರೆ ದಾರ ಗಂಟಿಕ್ಕಿಕೊಳ್ಳುತ್ತದೆ.

ಆಮೇಲೆ ಕೇಳಿದೆ. "ನಿನ್ನ ಪಟ್ಟಿ ಎಲ್ಲಪ್ಪ ಈಗ? ನೀನು ಸೈನ್ಯಕ್ಕೆ ಹೋಗುವಾಗ ನಾನು ಗಂಟು ಹಾಕಿದ್ದು."

ಅವನು ಒಲೆಯ ಕಡೆ ತಿರುಗಿದ. ಎಲ್ಲೋ ಹರಿದುಹೋಯಿತು, ಯಾವ ಕಾಲದ ಮಾತು ಅದು ಅಂದ.

ಐವತ್ತಾರು ಗಂಟಿನ ಕತೆಯನ್ನು ಅವನಿಗೂ ಹೇಳಿದೆ. ಕಾಳಿನ ಚೀಲ, ಫೆಬ್ರುವರಿ, ಎಲ್ಲ. ಮುಗಿದ ಮೇಲೆ ಇಕ್ಕಳದಿಂದ ಒಂದು ಕೆಂಡ ಎತ್ತಿ ಸಮುದ್ರಕ್ಕೆ ಹಾಕಿದ. ಚುಸ್ ಎಂದಿತು.

"ಎಲ್ಲಾ ಪಟ್ಟಿ ಒಂದೇ ಥರ ಇರುತ್ತೆ ಅಂದ್ಕೊಂಡಿದ್ದೆ."

"ಗಂಡಸರು ಹಾಗೇ ಅಂದ್ಕೊಳ್ಳೋದು."

"ತೋಮೆ ಅಮ್ಮನಿಗೋಸ್ಕರ ಇಟ್ಟೆ ಅಜ್ಜಿ. ಸೈಕಿಚಿದು ಒಂದು ಗುಂಡಿ ಕೂಡ ಸಿಗ್ಲಿಲ್ಲ ಒಳಗೆ. ಒಂದು ಪೆಟ್ಟಿಗೆ ಆದ್ರೂ ಅವಳ ಕೈಗೆ ಬರ್ಲಿ ಅಂತ."

ಅದು ನಿಜ ಎಂದು ನಂಬಿದೆ. ಆದರೆ ಪೂರ್ತಿ ನಿಜ ಅಲ್ಲ. ಅಸ್ಥಿ ಸಿಗದಿದ್ದರೆ ನೀರು ಒಯ್ದಿತು ಎಂದುಕೊಳ್ಳಬಹುದಿತ್ತು. ಸುಳ್ಳು ಹೇಳಬೇಕಾದರೆ, ಮುಚ್ಚಬೇಕಾದ ನಿಜ ಒಂದಿರಬೇಕು. ಒಳಗೆ ನೀನು ಏನು ಕಂಡೆ, ಏನು ಅಡಗಿಸಿದೆ ಎಂದು ಕೇಳಿದೆ.

ನಾನು ಇನ್ನೊಂದು ಲೋಟ ಚಹಾ ಬಗ್ಗಿಸಿಕೊಂಡೆ. ಕಡೆಗೆ ದೋಣಿಯ ಹಲಗೆ ಎತ್ತಿ, ಒಳಗಿನಿಂದ ಬಟ್ಟೆ ಸುತ್ತಿದ ಒಂದು ಗಂಟನ್ನು ಎರಡೂ ಕೈಯಲ್ಲಿ, ತುಂಬಿದ ಹಾಲಿನ ಪಾತ್ರೆಯ ಹಾಗೆ ಹೊರತೆಗೆದ.

ನೌಕಾಪಡೆಯ ತಗಡಿನ ಬಟ್ಟಲು. ಅದಕ್ಕೆ ಮುಚ್ಚಳ. ತುಕ್ಕು ಹಿಡಿದು ಎರಡೂ ಒಂದಾಗಿದ್ದವು.

ಅಡುಗೆಮನೆಗೆ ನೀರು ಹೊಕ್ಕಿರಲಿಲ್ಲ, ಹತ್ತು ವರ್ಷದ ಗಾಳಿ ಹಾಗೇ ನಿಂತಿತ್ತು ಎಂದು ಅವನು ಹೇಳಿದ. ಉಳಿದ ಬಟ್ಟಲುಗಳು ಗೂಡಿನಲ್ಲಿದ್ದವು. ಇದೊಂದು ಮಾತ್ರ ಮೂಲೆಯಲ್ಲಿ ಬೋರಲು ಹಾಕಿದ ಪೆಟ್ಟಿಗೆಯ ಮೇಲೆ, ಬಲಕ್ಕೆ ಮಡಚಿದ ಬಟ್ಟೆ, ಬಟ್ಟೆಯ ಮೇಲೆ ಕಡ್ಡಿ. ಹಡಗು ಹತ್ತದೆ ಇರುವವನ ಹೆಸರಲ್ಲಿ ಬಡಿಸಿದ ಊಟ. ಅಂದರೆ ಹಡಗಿನವರ ಯಾದಿಯಲ್ಲಿ ಹೆಸರಿದ್ದೂ ಹಡಗಿನಲ್ಲಿ ಇಲ್ಲದವನು ಒಬ್ಬ ಇದ್ದ. ಅಸ್ಥಿ ಸಿಗದವನೂ ಒಬ್ಬನೇ.

"ಈ ಬಟ್ಟಲು ಸಾಹೇಬ್ರ ಕೈಗೆ ಸಿಕ್ಕಿದ್ರೆ, ಸೈಕಿಚಿ ಓಡಿಹೋದ ಅಂತ ಅವತ್ತೇ ಬರೀತಿದ್ರು," ಅಂದ. "ಅದಕ್ಕೇ ಬಟ್ಟಲು ತೆಗೆದೆ, ಪಟ್ಟಿ ಇಟ್ಟೆ."

ನನ್ನ ಕೈ ಬಟ್ಟಲನ್ನು ಸವರುತ್ತಿತ್ತು. ಮುಚ್ಚಳದ ನಡುವೆ ದುಂಡಗೆ, ಸುತ್ತಲಿಗಿಂತ ಗಾಢವಾದ ತುಕ್ಕಿನ ಕಲೆ.

"ಇದರ ಮೇಲೆ ಏನಿತ್ತು?"

"ಯಾವುದೋ ಕಬ್ಬಿಣದ ನಟ್ಟು. ಎಂಜಿನ್ನಿಂದು, ದೊಡ್ಡದು. ಹೆಂಗೋ ಬಿದ್ದಿರ್ಬೇಕು ಅಂತ ಎತ್ತಿ ಆಚೆಗಿಟ್ಟೆ."

"ಸರಿಯಾಗಿ ನಡುವೆ ಇತ್ತಾ?"

"ನಡುವೆ. ಇಟ್ಟ ಹಾಗೆ."

ನಾನು ನಕ್ಕುಬಿಟ್ಟೆ. ರಿಕಿಮಾತ್ಸು ಗಾಬರಿಯಾಗಿ ನನ್ನ ಮುಖ ನೋಡಿದ.

"ಹಡಗಲ್ಲಿ ಬೆಕ್ಕಿತ್ತೇನಪ್ಪ?"

"ನೀರೊಳಗೆ ಹೋಗೋ ಹಡಗಲ್ಲಿ ಬೆಕ್ಕು ಎಲ್ಲಿಂದ..."

ಅಷ್ಟು ಹೇಳಿ ಅವನ ಬಾಯಿ ಹಾಗೇ ಉಳಿಯಿತು. ತೋಮೆಯ ಮನೆಯಲ್ಲಿ ಉಂಡು ಬೆಳೆದವನು, ನಾನು ಬಿಡಿಸಿ ಹೇಳಬೇಕಿರಲಿಲ್ಲ. ಬೆಕ್ಕಿಲ್ಲದ ಕಡೆಯೂ ಮುಚ್ಚಳದ ಮೇಲೆ ಭಾರ ಇಡುವವನು ಭೂಮಿಯ ಮೇಲೆ ಒಬ್ಬನೇ. ಹೀಗೇ ಇಡಬೇಕು ಎಂದು ಅವನು ಕಂಡು ಬೆಳೆದಿದ್ದ, ಯಾಕೆಂದು ಯಾವತ್ತೂ ಯೋಚಿಸಿರಲಾರ. ಆ ಊಟ ಸೈಕಿಚಿಗೆ ಬಡಿಸಿದ್ದಲ್ಲ. ಸೈಕಿಚಿ ಬಡಿಸಿದ್ದು. ಅವನು ಆ ದಿನ ಹಡಗಿನಲ್ಲೇ ಇದ್ದ.

"ಹಾಗಾದ್ರೆ ಯಾರಿಗೆ?" ಎಂದ ರಿಕಿಮಾತ್ಸು.

ಬಟ್ಟಲು ಅದಲುಬದಲಾಗದಿರಲಿ ಎಂದು ನಾವಿಕರು ಅಡಿಯಲ್ಲಿ ಹೆಸರು ಕೊರೆಯುತ್ತಾರೆ. ನೋಡಲಿಲ್ಲವೇ ಎಂದು ಕೇಳಿದೆ. ಅವನು ಇಲ್ಲವೆಂದು ತಲೆಯಾಡಿಸಿದ. ಯಾರೂ ಉಣ್ಣದ ಊಟವನ್ನು ಬೋರಲು ಮಾಡಬಾರದು, ಅದಕ್ಕೇ ಎರಡು ತಿಂಗಳು ನೆಟ್ಟಗೇ ಇಟ್ಟುಕೊಂಡಿದ್ದೇನೆ ಅಂದ. ಒಳ್ಳೆಯ ಹುಡುಗ.

ನಾನೂ ಬೋರಲು ಹಾಕಲಿಲ್ಲ. ನೈವೇದ್ಯ ಎತ್ತುವ ಹಾಗೆ ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ, ಕೆಳಗಿನಿಂದ ನೋಡಿದೆ. ಅಂಗಿಯ ತೋಳಿನ ಅಂಚಿಗೆ ಉಗುಳು ಹಚ್ಚಿ ರಿಕಿಮಾತ್ಸು ತುಕ್ಕು ಉಜ್ಜಿದ. ಚಾಕುವಿನ ತುದಿಯಲ್ಲಿ ಕೊರೆದ ಎರಡು ಚಿತ್ರಾಕ್ಷರ. ನಾನು ಓದುವುದು ನಿಧಾನ. ಅವನೇ ಮೊದಲು ಓದಿದ.

"ಇನಾಗಾಕಿ."

*

ಧಕ್ಕೆಯ ತುದಿಯಿಂದ ಶಿನೋಹಾರಾ ಓಡುತ್ತ ಬಂದರು. ನಾನು ಕೈ ಬೀಸಿದ್ದೆ.

ನಾವು ಹೇಳಿದ್ದನ್ನೆಲ್ಲ ಅವರು ಕೇಳಿ, ರಿಕಿಮಾತ್ಸುವನ್ನು ಬೈಯಬೇಕೆಂದು ಬಾಯಿ ತೆರೆದು, ಬಟ್ಟಲು ನೋಡಿ ಮುಚ್ಚಿಕೊಂಡರು. ಆಮೇಲೆ ಕಡತ ಬಿಡಿಸಿದರು. ಹನ್ನೆರಡನೆಯ ಅಸ್ಥಿ ಸಿಕ್ಕಿದ್ದೆಲ್ಲಿ ಎಂದು ಕೇಳಿದರು.

ಅಡುಗೆಮನೆಯ ಬಾಗಿಲಲ್ಲಿ ಎಂದ ರಿಕಿಮಾತ್ಸು. ಇನಾಗಾಕಿಯ ಹೆಸರಿನ ದಪ್ಪ ಅಂಗಿ ತೊಟ್ಟಿದ್ದ. ನೆನಪು ಮಾಡಿಕೊಂಡು, ತೋಳು ಉದ್ದವಾಗಿ ಎರಡು ಮಡಿಕೆ ಮಡಚಿತ್ತು ಅಂದ.

ಮೂವರಿಗೂ ಒಟ್ಟಿಗೇ ಹೊಳೆಯಿತು. ಅಡುಗೆಯವನಿಗೆ ಒಲೆಯ ಮುಂದೆ ದಪ್ಪ ಅಂಗಿ ಯಾಕೆ? ಹಡಗು ತಳ ಸೇರಿ, ಎಂಜಿನ್ ನಿಂತು, ಚಳಿ ಏರಿದಾಗ, ಗೂಟದಲ್ಲಿ ನೇತಾಡುತ್ತಿದ್ದ ಗೆಳೆಯನ ಅಂಗಿ ಕೈಗೆ ಸಿಕ್ಕಿತು. ಗೆಳೆಯ ಎತ್ತರದವನು. ಸೈಕಿಚಿ ಗಿಡ್ಡ.

ರಿಕಿಮಾತ್ಸು ದೋಣಿಯ ಅಂಚಿನಲ್ಲಿ ಕೂತುಬಿಟ್ಟ.

"ಹಾಗಾದ್ರೆ ಅವನನ್ನ ನಾನೇ ಎತ್ಕೊಂಡು ಬಂದೆ ಅಜ್ಜಿ. ಈ ಕೈಯಲ್ಲೇ."

ಹೌದಪ್ಪ ಎಂದೆ. ಅವನು ಅಳುತ್ತಿದ್ದ, ಆದರೆ ಮುಖದ ಮೇಲಿದ್ದ ಎರಡು ತಿಂಗಳ ಗಂಟು ಬಿಚ್ಚಿಹೋಗಿತ್ತು. ನಾನು ಆಕ್ಟೋಪಸ್ಸಿನ ಪಾತ್ರೆಯನ್ನು ಒಲೆಯಿಂದ ಇಳಿಸಿದೆ. ಸೀದುಹೋಗುತ್ತಿತ್ತು.

ಕಲ್ಲಿನ ವಿಷಯ ಹೇಳಬೇಕು, ಸೈಕಿಚಿಯ ಹೆಸರು ಕೆತ್ತಲಿ ಎಂದು ಶಿನೋಹಾರಾ ತಮಗೆ ತಾವೇ ಹೇಳಿಕೊಂಡರು. ಇನಾಗಾಕಿಯ ಹೆಸರನ್ನೇನು ಮಾಡುವುದು, ಕೆತ್ತಿದ್ದನ್ನು ಕಲ್ಲುಕುಟಿಗ ನುಂಗುತ್ತಾನೆಯೇ ಎಂದೂ ಕೇಳಿಕೊಂಡರು. ಪೆಟ್ಟಿಗೆ ತಿರುಗಿ ತರಿಸಲು ಇನಾಗಾಕಿಯ ಅಣ್ಣನ ವಿಳಾಸ ಹುಡುಕತೊಡಗಿದರು. ಬೆರಳು ಹಾಳೆಯ ಮೇಲೆ ಇಳಿಯುತ್ತ ಹೋಗಿ ಒಂದು ಕಡೆ ನಿಂತಿತು.

"ಸೇವಾ ಸಂಖ್ಯೆ ಪಟಪಟ ಅಂತ ಹೇಳಿದ, ಕೊಟ್ಟುಬಿಟ್ಟೆ," ಎಂದರು ಸಣ್ಣ ದನಿಯಲ್ಲಿ. "ಕುಟುಂಬದ ಹಾಳೆ ತಿರುಗಿಸಿಯೇ ನೋಡಲಿಲ್ಲ."

"ಏನಿದೆ ಅದರಲ್ಲಿ?"

"ತಂದೆತಾಯಿಗೆ ಒಬ್ಬನೇ ಮಗ. ಅಣ್ಣತಮ್ಮ ಯಾರೂ ಇಲ್ಲ."

*

ಮೂವರೂ ಏರು ಹತ್ತಿ ತೋಮೆಯ ಜಗುಲಿಗೆ ಬಂದೆವು. ಮುಂದೆ ನಾನು, ನಡುವೆ ಬಟ್ಟಲು ಹಿಡಿದ ರಿಕಿಮಾತ್ಸು, ಹಿಂದೆ ಏದುತ್ತ ಶಿನೋಹಾರಾ. ಬೆಕ್ಕು ಮತ್ತೆ ನನ್ನ ಮಡಿಲು ಹಿಡಿಯಿತು.

ಎಲ್ಲವನ್ನೂ ನಾನೇ ಹೇಳಿದೆ. ತೋಮೆ ಉಮೆ ಕಾಯಿಯ ತೊಟ್ಟು ಕೀಳುತ್ತಲೇ ಕೇಳಿದಳು. ಅವನು ಸತ್ತದ್ದು ಹಡಗಿನಲ್ಲಿ, ಎಲ್ಲರ ಜೊತೆ ಎಂದಾಗ ಕೈ ನಿಂತಿತು. ಬಟ್ಟಲನ್ನು ಮುಂದಿಟ್ಟಾಗ ಮುಚ್ಚಳದ ಮೇಲಿನ ದುಂಡನೆಯ ಕಲೆಯನ್ನು ಬೆರಳಿನಿಂದ ಮುಟ್ಟಿದಳು.

"ಬೆಕ್ಕಿಲ್ಲದ ಹಡಗಲ್ಲಿ ಭಾರ ಇಟ್ಟಿದ್ನೇ, ನನ್ನ ಪೆದ್ದ."

ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಆಮೇಲೆ ಶಿನೋಹಾರಾ ಕಡೆ ತಿರುಗಿ, ಮಗನ ಪೆಟ್ಟಿಗೆ ಎಲ್ಲಿದೆ ಸ್ವಾಮಿ ಎಂದಳು.

ಅವರು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತರು. ಇನಾಗಾಕಿ ಆ ದಿನ ದಡದಲ್ಲಿ ಯಾಕೆ ಉಳಿದ, ಹತ್ತು ವರ್ಷ ಸತ್ತವನಾಗಿ ಎಲ್ಲಿ ಬದುಕಿದ, ತನ್ನದಲ್ಲದ ಅಸ್ಥಿಯನ್ನು ತನ್ನ ಹೆಸರಲ್ಲಿ ಯಾಕೆ ಒಯ್ದ, ಅವರ ಕಡತದಲ್ಲಿ ಒಂದೂ ಬರೆದಿರಲಿಲ್ಲ.

ತೋಮೆ ಅವರನ್ನು ಇಕ್ಕಟ್ಟಿನಿಂದ ಬಿಡಿಸುವವಳಂತೆ ಎದ್ದು ಒಳಗೆ ಹೋಗಿ ಬಿವಾ ಹಣ್ಣು ತಂದಳು. ನೀನು ಆಕಡೆ ಹೋದ ಮೇಲೆ ಹಿತ್ತಲ ಬಾಗಿಲಲ್ಲಿ ಇನ್ನೊಂದು ಗೊಂಚಲು ಇತ್ತು ಕಣೇ, ಈ ಸಲ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾನೆ ನಿನ್ನ ಹಲ್ಲಿಲ್ಲದ ಮುದುಕ, ಎಂದಳು.

ಬಟ್ಟೆ ಬಿಳಿಯದು. ಚೌಕ. ಅಂಚನ್ನು ಮಡಚಿ ನೋಡಿದೆ. ಹೊಲಿಗೆ ತಿರುವಾಗಿ ಹೊರಳಿತ್ತು.

ಹನ್ನೆರಡನೆಯ ಪೆಟ್ಟಿಗೆಯ ಹೊದಿಕೆ.

ಶಿನೋಹಾರಾ ಎದ್ದುನಿಂತರು. ನಾನು ಅವರ ಪ್ಯಾಂಟಿನ ಅಂಚು ಹಿಡಿದು ಎಳೆದು ಕೂರಿಸಿದೆ. ತೋಮೆ ನನ್ನ ಮುಖ ನೋಡಿದಳು, ಬಟ್ಟೆ ನೋಡಿದಳು. ಒಳಗೆ ಹೋಗಿ ಹೊಸ ಬಟ್ಟಲಿಗೆ ಬಿಸಿ ಅನ್ನ ಹಾಕಿದಳು. ಮೇಲೊಂದು ಉಪ್ಪಿನ ಉಮೆ. ಮುಚ್ಚಳ ಹಾಕಿ, ಸೈಕಿಚಿಯ ಬಟ್ಟಲ ಮೇಲಿನ ಕಲ್ಲನ್ನು ತೆಗೆದು ಇದರ ಮೇಲಿಟ್ಟಳು. ಮಣೆಯ ಸಮೇತ ಹಿತ್ತಲ ಮೆಟ್ಟಿಲ ಮೇಲೆ ಇಟ್ಟು, ಬಾಗಿಲು ಎಳೆದು ಬಂದು ನನ್ನ ಪಕ್ಕ ಕೂತಳು.

"ನನ್ನ ಮಗ ಬಡಿಸಿದ್ದನ್ನ ಅವನು ಉಣ್ಲಿಲ್ವಲ್ಲ," ಎಂದಳು. "ಅವನಿಗೂ ಹಸಿವು ಇರುತ್ತೆ."

ನಾವು ನಾಲ್ವರೂ ಜಗುಲಿಯಲ್ಲಿ ಕೂತೆವು. ಕೆಳಗೆ ಕಡಲು ಮಿನುಗುತ್ತಿತ್ತು. ಒಣಮೀನಿನ ವಾಸನೆ ಗಾಳಿಯಲ್ಲಿ ಬರುತ್ತಿತ್ತು. ಹಾಗೆ ಎಷ್ಟು ಹೊತ್ತು ಬೇಕಾದರೂ ಕೂತಿರಬಲ್ಲೆ ನಾನು.

ಹಿತ್ತಲಲ್ಲಿ ಕಲ್ಲನ್ನು ಮೆಲ್ಲಗೆ ಪಕ್ಕಕ್ಕಿಟ್ಟ ಸದ್ದಾಯಿತು.

ಬೆಕ್ಕು ನನ್ನ ಮಡಿಲಲ್ಲೇ ಮಲಗಿತ್ತು.